ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳ ಗ್ಯಾಸ್ ವ್ಯವಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

"ಪಿಸ್ಟನ್ ಒಳ್ಳೆಯದಾ, ಡೈರೆಕ್ಟ್ ಇಂಪಿಂಜ್‌ಮೆಂಟ್ ಒಳ್ಳೆಯದಾ?" ಸೆಮಿ ಆಟೊಮ್ಯಾಟಿಕ್ ರೈಫಲ್, ಅಂದರೆ ಒಂದು ಸಲ ಟ್ರಿಗರ್ ಒತ್ತಿದರೆ ಒಂದು ಗುಂಡು ಹಾರಿ ಮುಂದಿನ ತೋಟೆ ತಾನಾಗಿ ತುಂಬುವ ರೈಫಲ್ ಬಗ್ಗೆ ಮಾತು ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಒಂದರಲ್ಲಿ ಗ್ಯಾಸ್ ಪಿಸ್ಟನ್ ಎಂಬ ತುಂಡನ್ನು ತಳ್ಳುತ್ತದೆ, ಇನ್ನೊಂದರಲ್ಲಿ ಕೊಳವೆಯಲ್ಲಿ ನೇರವಾಗಿ ಹಿಂದಕ್ಕೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಒಂದು ಪಕ್ಷ ಹಿಡಿದೇ ಕೇಳುತ್ತಾರೆ. ನನಗೆ ಪಕ್ಷಕ್ಕಿಂತ ಮುಖ್ಯ ಅನಿಸುವುದು ಬೇರೆ ಮೂರು ವಿಷಯ. ಬಿಸಿ ಗ್ಯಾಸ್ ಎಲ್ಲಿಯವರೆಗೆ ಹೋಗುತ್ತದೆ? ಅದು ಎಷ್ಟು ತೂಕವನ್ನು ತಳ್ಳುತ್ತದೆ? ಆ ತೂಕ ಎಷ್ಟು ದೂರ ಓಡುತ್ತದೆ? ಇವು ಮೂರು ಗೊತ್ತಾದರೆ ರೈಫಲ್‌ನ ಗುಣದೋಷ ಬಹುಪಾಲು ತಾನಾಗಿ ಅರ್ಥವಾಗುತ್ತದೆ. ಕೆಳಗಿನ ಉತ್ತರಗಳನ್ನೆಲ್ಲ ಇದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಗ್ಯಾಸ್‌ನಿಂದ ನಡೆಯುವ ರೈಫಲ್ ಅಂದರೆ ಏನು?

ತೋಟೆಯೊಳಗಿನ ಮದ್ದು ಉರಿದಾಗ ಗ್ಯಾಸ್ ಹುಟ್ಟುತ್ತದೆ. ಆ ಗ್ಯಾಸೇ ಗುಂಡನ್ನು ಬ್ಯಾರೆಲ್‌ನಲ್ಲಿ ಮುಂದಕ್ಕೆ ನೂಕುತ್ತದೆ. ಬ್ಯಾರೆಲ್‌ನ ಗೋಡೆಯಲ್ಲಿ ಒಂದು ಕಡೆ ಸಣ್ಣ ತೂತು ಇರುತ್ತದೆ. ಗುಂಡು ಆ ತೂತನ್ನು ದಾಟಿದ ಕೂಡಲೇ ಗ್ಯಾಸ್‌ನ ಒಂದು ಸಣ್ಣ ಪಾಲು ಅದರಿಂದ ಹೊರಬರುತ್ತದೆ. ಆ ಪಾಲಿನ ಒತ್ತಡದಿಂದ ಬೋಲ್ಟ್ (ಬ್ಯಾರೆಲ್‌ನ ಹಿಂಬದಿ ಮುಚ್ಚುವ ಲೋಹದ ತುಂಡು) ಬಿಚ್ಚಿಕೊಳ್ಳುತ್ತದೆ, ಖಾಲಿ ಕೇಸ್ (ತೋಟೆಯ ಕವಚ) ಆಚೆ ಹೋಗುತ್ತದೆ, ಹೊಡೆಯುವ ಹ್ಯಾಮರ್ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ತರುತ್ತದೆ. ಬರುವಾಗ ಅದು ಮ್ಯಾಗಜೀನ್‌ನಿಂದ ಇನ್ನೊಂದು ತೋಟೆಯನ್ನು ಚೇಂಬರ್‌ಗೆ, ಅಂದರೆ ಬ್ಯಾರೆಲ್‌ನ ಹಿಂದಿನ ಗೂಡಿಗೆ, ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ.

ಈ ಕೆಲಸಕ್ಕೆ ಗ್ಯಾಸ್‌ಗೆ ಸಿಗುವ ಸಮಯ ಎಷ್ಟು ಗೊತ್ತಾ? 20 ಇಂಚಿನ ಬ್ಯಾರೆಲ್ ಇರುವ ಒಂದು ಎಆರ್ (ಅಮೆರಿಕದ ಎಆರ್-15 ಬಗೆಯ) ರೈಫಲ್ ತೆಗೆದುಕೊಳ್ಳಿ. ಗ್ಯಾಸ್ ತೂತಿನಿಂದ ಮೂತಿಯವರೆಗೆ ಸುಮಾರು 18 ಸೆಂಟಿಮೀಟರ್. ಗುಂಡಿನ ವೇಗ ಸೆಕೆಂಡಿಗೆ 900 ಮೀಟರ್‌ನ ಆಸುಪಾಸು. ಲೆಕ್ಕ ಹಾಕಿದರೆ ಸೆಕೆಂಡನ್ನು ಐದು ಸಾವಿರ ತುಂಡು ಮಾಡಿದಾಗ ಬರುವ ಒಂದು ತುಂಡು. ಗುಂಡು ಮೂತಿ ದಾಟಿದ ಕೂಡಲೇ ಬ್ಯಾರೆಲ್‌ನ ಒತ್ತಡ ಧಡಕ್ಕನೆ ಇಳಿಯುತ್ತದೆ. ಅಷ್ಟರೊಳಗೆ ಬೇಕಾದ ಒತ್ತು ಸಿಕ್ಕಿರಬೇಕು. ನನಗಂತೂ ಈ ಅಂಕಿ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಗ್ಯಾಸ್ ಕದ್ದರೆ ಗುಂಡಿನ ವೇಗ ಕಡಿಮೆ ಆಗೋದಿಲ್ವಾ?

ಆಗುತ್ತದೆ, ಆದರೆ ಲೆಕ್ಕಕ್ಕೆ ಬರುವಷ್ಟಲ್ಲ. ತೂತು ತೀರಾ ಚಿಕ್ಕದು. ಗುಂಡು ಅದನ್ನು ದಾಟುವ ಹೊತ್ತಿಗೆ ತನ್ನ ವೇಗದ ಬಹುಪಾಲನ್ನು ಪಡೆದುಕೊಂಡಿರುತ್ತದೆ.

ಈ ಯೋಚನೆ ಮೊದಲು ಯಾರಿಗೆ ಬಂತು?

ಒಬ್ಬರ ಹೆಸರು ಹೇಳಿ ಮುಗಿಸುವುದು ಕಷ್ಟ. 1880ರ ದಶಕದ ಕೊನೆಗೆ ಹಲವು ದೇಶಗಳಲ್ಲಿ ಜನ ಇದರ ಬೆನ್ನು ಹತ್ತಿದ್ದರು. ಹೆಚ್ಚು ಕೇಳಿಬರುವ ಕತೆ ಅಮೆರಿಕದ ಜಾನ್ ಬ್ರೌನಿಂಗ್‌ ಅವರದು. ಗುಂಡು ಹಾರಿದಾಗ ಮೂತಿಯ ಗಾಳಿಗೆ ಎದುರಿನ ಹುಲ್ಲು ಬಾಗುವುದನ್ನು ಅವರು ಗಮನಿಸಿದರಂತೆ. ಆ ಶಕ್ತಿ ಸುಮ್ನೆ ವ್ಯರ್ಥವಾಗುತ್ತಿದೆ ಅನಿಸಿತು. 1889ರಲ್ಲಿ ಪ್ರಯೋಗ ಶುರು ಮಾಡಿದರು. ಅದು 1895ರ ಕೋಲ್ಟ್-ಬ್ರೌನಿಂಗ್ ಮೆಷಿನ್ ಗನ್‌ವರೆಗೆ ಹೋಯಿತು.

ಕೈಯಲ್ಲಿ ಹಿಡಿಯುವ ರೈಫಲ್ ವಿಷಯಕ್ಕೆ ಬಂದರೆ ಮೆಕ್ಸಿಕೊದ ಮಾನ್ವೆಲ್ ಮೊಂಡ್ರಗೋನ್ ಅವರನ್ನು ನೆನೆಯಲೇಬೇಕು. ಅವರ ರೈಫಲನ್ನು ಮೆಕ್ಸಿಕೊ ಸೇನೆ 1908ರಲ್ಲಿ ಒಪ್ಪಿಕೊಂಡಿತು. ತಯಾರಾದದ್ದು ಸ್ವಿಟ್ಜರ್ಲೆಂಡ್‌ನ ಸಿಗ್ ಕಾರ್ಖಾನೆಯಲ್ಲಿ. ಅದರಲ್ಲಿ ಗ್ಯಾಸನ್ನು ಬಂದ್ ಮಾಡಿ ಬೋಲ್ಟನ್ನು ಕೈಯಿಂದಲೇ ಎಳೆದು ಹೊಡೆಯುವ ಅನುಕೂಲವೂ ಇತ್ತು.

ಗುಂಡು ಹಾರಿದ ತಕ್ಷಣ ಬೋಲ್ಟ್ ಯಾಕೆ ತೆರೆಯಬಾರದು?

ಕೇಸ್ ಒಳಗಿನ ಒತ್ತಡದಿಂದ. .223 ರೆಮಿಂಗ್ಟನ್ ತೋಟೆಗೆ ಅಮೆರಿಕದ ಉದ್ಯಮ ಸಂಸ್ಥೆ ಗೊತ್ತುಮಾಡಿದ ಮಿತಿ 55,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಕಾರಿನ ಟೈರ್‌ನಲ್ಲಿ ಇರುವುದು 30ರಿಂದ 35 ಪಿಎಸ್‌ಐ, ಅಷ್ಟೇ. ಆ ಒತ್ತಡಕ್ಕೆ ಹಿತ್ತಾಳೆಯ ಕೇಸ್ ಉಬ್ಬಿ ಚೇಂಬರ್ ಗೋಡೆಗೆ ಅಂಟಿಕೊಂಡಿರುತ್ತದೆ. ಆಗಲೇ ಎಳೆದರೆ ಅಂಚು ಕಿತ್ತು ಬರುತ್ತದೆ, ಇಲ್ಲವೇ ಕೇಸ್ ಹರಿಯುತ್ತದೆ. ಇನ್ನೂ ಕೆಟ್ಟದಾದರೆ ಗ್ಯಾಸ್ ಹಿಂದಕ್ಕೆ, ಅಂದರೆ ಹೊಡೆಯುವವರ ಮುಖದ ಕಡೆಗೆ ನುಗ್ಗುತ್ತದೆ.

ಅದಕ್ಕೇ ಹೆಚ್ಚಿನ ರೈಫಲ್‌ಗಳಲ್ಲಿ ಒಂದು ಉಪಾಯ ಇದೆ. ಬೋಲ್ಟನ್ನು ಹೊತ್ತುಕೊಂಡು ಓಡುವ ಬೋಲ್ಟ್ ಕ್ಯಾರಿಯರ್ ಎಂಬ ಭಾಗ ಮೊದಲು ಸ್ವಲ್ಪ ದೂರ ಖಾಲಿಯಾಗಿ ಹಿಂದಕ್ಕೆ ಸರಿಯುತ್ತದೆ. ಆಗ ಬೋಲ್ಟ್ ಇನ್ನೂ ಬಿಗಿಯಾಗಿಯೇ ಇರುತ್ತದೆ. ಆ ಸ್ವಲ್ಪ ದೂರ ಕಳೆದ ಮೇಲೆ ಮಾತ್ರ ಕ್ಯಾರಿಯರ್ ಬೋಲ್ಟನ್ನು ತಿರುಗಿಸಿಯೋ ಎತ್ತಿಯೋ ಬಿಡಿಸುತ್ತದೆ. ಅಷ್ಟರಲ್ಲಿ ಗುಂಡು ಆಚೆ ಹೋಗಿ ಒತ್ತಡ ಇಳಿದಿರುತ್ತದೆ.

ಲಾಂಗ್ ಸ್ಟ್ರೋಕ್ ಪಿಸ್ಟನ್ ಅಂದರೆ?

ಇಲ್ಲಿ ಪಿಸ್ಟನ್ ಮತ್ತು ಬೋಲ್ಟ್ ಕ್ಯಾರಿಯರ್ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಗ್ಯಾಸ್ ಪಿಸ್ಟನ್‌ಗೆ ಹೊಡೆಯುತ್ತದೆ, ಇಡೀ ಜೋಡಿ ಒಟ್ಟಿಗೆ ಕೊನೆಯವರೆಗೆ ಹಿಂದಕ್ಕೆ ಓಡುತ್ತದೆ, ಒಟ್ಟಿಗೆ ಮುಂದಕ್ಕೆ ಬರುತ್ತದೆ. ಕಲಾಶ್ನಿಕೋವ್ ಅವರ ಎಕೆ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅದರ ಕ್ಯಾರಿಯರನ್ನು ಹೊರತೆಗೆದರೆ ಮುಂದಕ್ಕೆ ಉದ್ದನೆಯ ಪಿಸ್ಟನ್ ಚಾಚಿಕೊಂಡಿರುವುದು ಕಣ್ಣಿಗೆ ಕಾಣುತ್ತದೆ.

ತೂಕದ ಭಾಗ ಚಲಿಸುವುದರಿಂದ ಅದರ ರಭಸ ದೊಡ್ಡದು. ಮಣ್ಣು, ಮಸಿ, ಒಣಗಿದ ಎಣ್ಣೆ ಅಡ್ಡ ಬಂದರೂ ಆ ರಭಸ ನೂಕಿಕೊಂಡು ಹೋಗುತ್ತದೆ. ಬೆಲೆ ತೆರಬೇಕಾದದ್ದು ಬೇರೆ ಕಡೆ. ಅಷ್ಟು ತೂಕ ಹಿಂದೆ ಹೋಗಿ ಬಡಿದು, ಮುಂದೆ ಬಂದು ಬಡಿಯುವಾಗ ರೈಫಲ್ ಕೈಯಲ್ಲಿ ಅಲುಗುತ್ತದೆ. ಒಂದು ಗುಂಡಿನಿಂದ ಇನ್ನೊಂದಕ್ಕೆ ಗುರಿ ಮತ್ತೆ ಕೂಡಿಸಿಕೊಳ್ಳಲು ಸ್ವಲ್ಪ ಜಾಸ್ತಿ ಹೊತ್ತು ಬೇಕಾಗುತ್ತದೆ.

ಎಂ1 ಗ್ಯಾರಂಡ್ ಕೂಡ ಲಾಂಗ್ ಸ್ಟ್ರೋಕ್ ಅಂತಾರೆ. ನೋಡಲು ಎಕೆ ತರಹ ಇಲ್ಲವಲ್ಲ?

ತತ್ವ ಒಂದೇ, ಜೋಡಣೆ ಬೇರೆ. ಕೆನಡಾದಲ್ಲಿ ಹುಟ್ಟಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ದುಡಿದ ಜಾನ್ ಗ್ಯಾರಂಡ್ ಅವರ ಈ ರೈಫಲನ್ನು ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡಿತು. ಅದರ ಗ್ಯಾಸ್ ತೂತು ಮೂತಿಯ ಹತ್ತಿರ, ಬ್ಯಾರೆಲ್‌ನ ಕೆಳಗಡೆ. ಅಲ್ಲಿಂದ ಆಪರೇಟಿಂಗ್ ರಾಡ್ ಎಂಬ ಉದ್ದದ ಕಂಬಿ ಹಿಂದಕ್ಕೆ ಬಂದು, ಬಲಗಡೆಗೆ ಬಾಗಿ, ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಕಂಬಿಯ ತುದಿಯೇ ಪಿಸ್ಟನ್.

ಆ ಬಾಗು ನೇರವಾದ ಕಂಬಿಯಷ್ಟು ಗಟ್ಟಿಯಲ್ಲ. ನಿಧಾನವಾಗಿ ಉರಿಯುವ ಮದ್ದು ಮತ್ತು ಭಾರದ ಗುಂಡು ಇರುವ ತೋಟೆ ಹಾಕಿದರೆ, ಗುಂಡು ಮೂತಿಯ ಹತ್ತಿರ ಬರುವಾಗಲೂ ಒತ್ತಡ ಹೆಚ್ಚೇ ಉಳಿದಿರುತ್ತದೆ. ಅದು ತೂತಿನಿಂದ ನುಗ್ಗಿ ಕಂಬಿಯನ್ನೇ ಬಗ್ಗಿಸಿಬಿಡಬಹುದು. ತೋಟೆ ಚೇಂಬರ್‌ಗೆ ಸರಿಯಾಗಿ ಕೂರುತ್ತದೆ, ಚೇಂಬರ್ ಒತ್ತಡವೂ ಮಿತಿಯಲ್ಲೇ ಇದೆ, ಆದರೂ ರೈಫಲ್ ಕೆಡುತ್ತದೆ. "ಅದೇ .30-06 ತಾನೇ" (ಗ್ಯಾರಂಡ್‌ನ ತೋಟೆಯ ಅಳತೆ ಇದು) ಅಂತ ಅಂಗಡಿಯಲ್ಲಿ ಸಿಕ್ಕ ಯಾವುದೋ ಬೇಟೆ ತೋಟೆಯನ್ನು ಹಳೆಯ ಗ್ಯಾರಂಡ್‌ಗೆ ತುಂಬಬೇಡಿ ಅಂತ ಅನುಭವಸ್ಥರು ಹೇಳುವುದು ಇದೇ ಕಾರಣಕ್ಕೆ.

ಶಾರ್ಟ್ ಸ್ಟ್ರೋಕ್ ಹೇಗೆ ಬೇರೆ?

ಇಲ್ಲಿ ಪಿಸ್ಟನ್ ಕ್ಯಾರಿಯರ್‌ಗೆ ಅಂಟಿಕೊಂಡಿಲ್ಲ. ಅದು ಸ್ವಲ್ಪ ದೂರ ಓಡಿ, ಕ್ಯಾರಿಯರ್‌ಗೆ ಒಂದು ಏಟು ಕೊಟ್ಟು, ನಿಂತುಬಿಡುತ್ತದೆ. ಆಮೇಲಿನ ದಾರಿಯನ್ನು ಕ್ಯಾರಿಯರ್ ತನ್ನ ರಭಸದಿಂದಲೇ ಸಾಗುತ್ತದೆ. ಕೇರಂ ಆಡಿದವರಿಗೆ ಇದು ಬೇಗ ಹಿಡಿಯುತ್ತದೆ: ಸ್ಟ್ರೈಕರ್ ತಗುಲಿ ನಿಲ್ಲುತ್ತದೆ, ಕಾಯಿ ಓಡುತ್ತದೆ.

ತೊಕರೆವ್ ಅವರ ಎಸ್‌ವಿಟಿ-40, ಸಿಮೊನೊವ್ ಅವರ ಎಸ್‌ಕೆಎಸ್, ಬೆಲ್ಜಿಯಂನ ದ್ಯುದೊನೆ ಸೈವ್ ಅವರ ಎಫ್‌ಎನ್ ಫಾಲ್, 1960ರ ದಶಕದ ಆರಂಭದ ಎಆರ್-18 ಎಲ್ಲವೂ ಈ ಗುಂಪಿನವು. ಬ್ರಿಟನ್ ಮತ್ತು ಇತರ ಕಾಮನ್‌ವೆಲ್ತ್ ಸೇನೆಗಳಲ್ಲಿ ಎಸ್‌ಎಲ್‌ಆರ್ ಅಂತ ಹೆಸರಾದದ್ದು ಈ ಫಾಲ್‌ನ ಸೆಮಿ ಆಟೊಮ್ಯಾಟಿಕ್ ರೂಪವೇ. ಎಸ್‌ಎಲ್‌ಆರ್ ಅಂದರೆ ಸೆಲ್ಫ್ ಲೋಡಿಂಗ್ ರೈಫಲ್.

ಈ ಗುಂಪಿನಲ್ಲಿ ನನಗೆ ತುಂಬ ಹಿಡಿಸುವುದು 1941ರ ಎಂ1 ಕಾರ್ಬೈನ್. ಅದರ ಪಿಸ್ಟನ್ ನೋಡಿದರೆ ಇದೇನು ಇಷ್ಟೇನಾ ಅನಿಸುತ್ತದೆ. ಬೆರಳ ತುದಿಯಷ್ಟು ಚಿಕ್ಕ ಗುಂಡಿ, ಅದು ಹಿಂದಕ್ಕೆ ಸರಿಯುವುದು ಸುಮಾರು 3.5 ಮಿಲಿಮೀಟರ್ ಮಾತ್ರ. ಅಷ್ಟು ಸಣ್ಣ ಏಟಿಗೆ ಇಡೀ ಸ್ಲೈಡ್ (ಇಲ್ಲಿ ಕ್ಯಾರಿಯರ್‌ನ ಕೆಲಸ ಮಾಡುವ ಭಾಗ) ಹಿಂದಕ್ಕೆ ಹಾರುತ್ತದೆ. ರೈಫಲ್ ಹಗುರವಾಗಿ ಉಳಿಯಲು ಇದೂ ಒಂದು ಕಾರಣ.

ಚಲಿಸುವ ತೂಕ ಕಡಿಮೆ, ಗ್ಯಾಸ್ ಮುಂದುಗಡೆಯೇ ಉಳಿಯುತ್ತದೆ, ಬೋಲ್ಟ್ ಸುತ್ತ ಮಸಿ ಮತ್ತು ಬಿಸಿ ಕಡಿಮೆ. ಇವು ಇದರ ಲಾಭ. ಆದರೆ ಬಿಡಿಭಾಗ ಜಾಸ್ತಿ. ಪಿಸ್ಟನ್‌ಗೆ ಬೇರೆ ಸ್ಪ್ರಿಂಗ್, ಕೆಲವದರಲ್ಲಿ ಎರಡು ಮೂರು ತುಂಡಿನ ಕಂಬಿ. ಜೊತೆಗೆ ಏಟು ಒಂದೇ ಸಲಕ್ಕೆ ಬೀಳುವುದರಿಂದ ತಗುಲುವ ಜಾಗ ಗಟ್ಟಿಯಾಗಿರಬೇಕು.

ಹಾಗಾದರೆ ಡೈರೆಕ್ಟ್ ಇಂಪಿಂಜ್‌ಮೆಂಟ್?

ಪಿಸ್ಟನ್ನೇ ಇಲ್ಲ. ಬ್ಯಾರೆಲ್ ತೂತಿನಿಂದ ಒಂದು ಕೊಳವೆ ಹಿಂದಕ್ಕೆ ಬರುತ್ತದೆ. ಗ್ಯಾಸ್ ಅದರಲ್ಲಿ ಓಡಿ ಬಂದು ನೇರವಾಗಿ ಕ್ಯಾರಿಯರ್‌ನ ಮುಖಕ್ಕೆ ಹೊಡೆಯುತ್ತದೆ. ಕ್ಯಾರಿಯರ್‌ನಲ್ಲಿ ಸಣ್ಣ ಬಟ್ಟಲಿನಂಥ ಗುಳಿ ಇರುತ್ತದೆ, ಕೊಳವೆಯ ತುದಿ ಅದರೊಳಗೆ ಕೂತಿರುತ್ತದೆ. ಏಟು ಬಿದ್ದ ಕೂಡಲೇ ಕ್ಯಾರಿಯರ್ ಹಿಂದಕ್ಕೆ, ಉಳಿದ ಗ್ಯಾಸ್ ಗಾಳಿಗೆ.

ನಿಜವಾದ ಉದಾಹರಣೆ ಬೇಕಾದರೆ ಸ್ವೀಡನ್‌ನ ಎಜಿ ಎಂ/42 ನೋಡಿ. ಜನ ಅದನ್ನು ಯುಂಗ್‌ಮನ್ ಅಂತ ಕರೆಯುತ್ತಾರೆ. ವಿನ್ಯಾಸ ಎರಿಕ್ ಎಕ್ಲುಂಡ್ ಅವರದು. ಫ್ರಾನ್ಸ್‌ನ ಎಂಎಎಸ್-49 ಇನ್ನೊಂದು. ಸ್ವೀಡನ್ ರೈಫಲ್‌ನ ವಿನ್ಯಾಸವೇ ಮುಂದೆ ಈಜಿಪ್ಟ್‌ಗೆ ಹೋಗಿ ಹಕೀಮ್ ಆಯಿತು. ತುಕ್ಕಿನ ಕಾಟಕ್ಕೆ ಸ್ವೀಡನ್‌ನವರು 1950ರ ದಶಕದಲ್ಲಿ ತಮ್ಮ ರೈಫಲ್‌ಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಹಾಕಿಸಿದರು. ಸಪೂರ ಕೊಳವೆಯೊಳಗೆ ಕೈ ಹಾಕಿ ಉಜ್ಜಲು ಆಗುವುದಿಲ್ಲವಲ್ಲ, ಹಾಗಾಗಿ ಲೋಹವನ್ನೇ ಬದಲಿಸುವುದು ಸರಿಯಾದ ದಾರಿ.

ಎಆರ್-15 ಡೈರೆಕ್ಟ್ ಇಂಪಿಂಜ್‌ಮೆಂಟ್ ಅಲ್ವಾ?

ಎಲ್ಲರೂ ಹಾಗೆಯೇ ಕರೆಯುತ್ತಾರೆ. ಮಾತಿಗೆ ಸರಿ. ಆದರೆ ಒಳಗೆ ನಡೆಯುವುದು ಬೇರೆ, ಈ ಪುಟದಲ್ಲಿ ನಾನು ಹೆಚ್ಚು ಜಾಗ ಕೊಡಬೇಕು ಅಂದುಕೊಂಡಿರುವುದು ಇದಕ್ಕೇ.

ಯೂಜೀನ್ ಸ್ಟೋನರ್ ಈ ವ್ಯವಸ್ಥೆಗೆ 1956ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1960ರಲ್ಲಿ ಸಿಕ್ಕಿತು. ಅದರಲ್ಲಿ ಅವರೇ ತಮ್ಮದು ಮಾಮೂಲಿ ಇಂಪಿಂಜಿಂಗ್ ವ್ಯವಸ್ಥೆ ಅಲ್ಲ, ಗ್ಯಾಸ್ ಹಿಗ್ಗುವುದನ್ನು ಬಳಸುವ ವ್ಯವಸ್ಥೆ ಅಂತ ಬೇರ್ಪಡಿಸಿ ಹೇಳಿದ್ದಾರೆ.

ಬೋಲ್ಟನ್ನು ಕ್ಯಾರಿಯರ್‌ನಿಂದ ಬಿಡಿಸಿ ಕೈಯಲ್ಲಿ ಹಿಡಿದು ನೋಡಿ. ಹಿಂಭಾಗ ಬಾಲದ ಹಾಗೆ ಸಣ್ಣದಾಗುತ್ತದೆ. ಬಾಲ ಶುರುವಾಗುವ ಕಡೆ ಮೂರು ತೆಳು ರಿಂಗ್‌ಗಳು. ಎಂಜಿನ್‌ನ ಪಿಸ್ಟನ್ ರಿಂಗ್ ನೋಡಿದವರಿಗೆ ಗುರುತು ಹತ್ತುತ್ತದೆ. ಅವು ಇರುವುದೂ ಅದೇ ಕೆಲಸಕ್ಕೆ. ಇಲ್ಲಿ ಬೋಲ್ಟೇ ಪಿಸ್ಟನ್, ಕ್ಯಾರಿಯರೇ ಸಿಲಿಂಡರ್. ಕೊಳವೆಯಲ್ಲಿ ಬಂದ ಗ್ಯಾಸ್ ಕ್ಯಾರಿಯರ್ ಮೇಲಿನ ಕೀ ಎಂಬ ಸಣ್ಣ ತುಂಡಿನ ಮೂಲಕ ಇಳಿದು, ಬೋಲ್ಟ್ ಬಾಲದ ಸುತ್ತ ಇರುವ ಜಾಗದಲ್ಲಿ ತುಂಬಿಕೊಂಡು ಹಿಗ್ಗುತ್ತದೆ. ಬೋಲ್ಟನ್ನು ಮುಂದಕ್ಕೆ ಒತ್ತುತ್ತದೆ, ಕ್ಯಾರಿಯರನ್ನು ಹಿಂದಕ್ಕೆ ನೂಕುತ್ತದೆ. ಬೋಲ್ಟ್ ಮುಂದಕ್ಕೆ ಒತ್ತಿಸಿಕೊಳ್ಳುವುದರಿಂದ ಅದರ ಹಲ್ಲುಗಳ ಮೇಲಿನ ಹೊರೆ ಸ್ವಲ್ಪ ಇಳಿಯುತ್ತದೆ, ತಿರುಗಿ ಬಿಚ್ಚಿಕೊಳ್ಳುವುದು ಹಗುರವಾಗುತ್ತದೆ. ಕ್ಯಾರಿಯರ್ ಸ್ವಲ್ಪ ಹಿಂದೆ ಸರಿದ ಮೇಲೆ ಬಲಬದಿಯ ಎರಡು ತೂತು ತೆರೆದುಕೊಂಡು ಉಳಿದ ಗ್ಯಾಸ್ ಹೊರಗೆ ಹೋಗುತ್ತದೆ.

ಇದರ ಸೊಗಸು ಎಲ್ಲಿದೆ ಅಂದರೆ, ಒತ್ತು ಬ್ಯಾರೆಲ್‌ನ ನೇರದಲ್ಲೇ ಬೀಳುತ್ತದೆ. ಮೇಲೋ ಕೆಳಗೋ ಒಂದು ಕಂಬಿ ಓಡಾಡುವುದಿಲ್ಲ. ಚಲಿಸುವ ಭಾಗ ಕಡಿಮೆ, ರೈಫಲ್ ಹಗುರ. ಕೆಟ್ಟದ್ದೂ ಅಲ್ಲೇ ಇದೆ. ಬಿಸಿ, ಮಸಿ, ಗ್ಯಾಸ್ ಮೂರೂ ಎಣ್ಣೆ ಹಚ್ಚಿದ ಬೋಲ್ಟ್ ಇರುವ ಕಡೆಗೇ ಬರುತ್ತವೆ. ಬೋಲ್ಟ್ ಬಾಲದ ಮೇಲೆ ಗಟ್ಟಿ ಕಪ್ಪು ಪದರ ಕೂರುವುದನ್ನು ಉಜ್ಜಿದವರೆಲ್ಲ ಬಲ್ಲರು.

ಗ್ಯಾಸ್ ಟ್ರ್ಯಾಪ್ ಅಂತ ಹಳೆಯ ಬರಹಗಳಲ್ಲಿ ಬರುತ್ತದೆ. ಅದೇನು?

ಬ್ಯಾರೆಲ್‌ಗೆ ತೂತು ಕೊರೆದರೆ ಅದು ಕೆಡುತ್ತದೆ ಅಂತ ಒಂದು ಕಾಲದಲ್ಲಿ ಭಯ ಇತ್ತು. ಹಾಗಾಗಿ ಮೂತಿಯ ಮುಂದೆ ಒಂದು ಗೂಡು ಕಟ್ಟಿ, ಗುಂಡು ಹೊರಬಂದ ಮೇಲಿನ ಗ್ಯಾಸನ್ನು ಅಲ್ಲಿ ಹಿಡಿಯುತ್ತಿದ್ದರು. ಡೆನ್ಮಾರ್ಕ್‌ನ ಬ್ಯಾಂಗ್ ಅವರ ಹೆಸರಿನಲ್ಲೇ ಈ ಪದ್ಧತಿ ಗುರುತಾಯಿತು. ಗ್ಯಾರಂಡ್‌ನ ಮೊದಲ ರೈಫಲ್‌ಗಳೂ ಹೀಗೇ ಇದ್ದವು. 1940ರ ಹೊತ್ತಿಗೆ ತೂತಿನ ಪದ್ಧತಿಗೆ ಬದಲಾದವು.

ಜರ್ಮನಿಯ ಗೆವೆರ್ 41 ಇದನ್ನೇ ನೆಚ್ಚಿಕೊಂಡು ಕಷ್ಟಪಟ್ಟಿತು. ಮೂತಿ ಭಾರ, ಮಸಿ, ತುಕ್ಕು. ಪೂರ್ವದ ಯುದ್ಧಭೂಮಿಯಲ್ಲಿ ತೊಕರೆವ್ ರೈಫಲ್‌ಗಳು ಅವರ ಕೈಗೆ ಸಿಕ್ಕವು. ಅವುಗಳ ಶಾರ್ಟ್ ಸ್ಟ್ರೋಕ್ ಪಿಸ್ಟನ್ ನೋಡಿ ಗೆವೆರ್ 43ಕ್ಕೆ ಅದೇ ಬಗೆಯದನ್ನು ಹಾಕಿದರು. ಗ್ಯಾಸ್ ಟ್ರ್ಯಾಪ್ ಕತೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಈ ಯಾವ ಗುಂಪಿಗೂ ಸರಿಯಾಗಿ ಸೇರದ ರೈಫಲ್‌ಗಳು ಇವೆಯಾ?

ಇವೆ. ರೂಗರ್ ಮಿನಿ-14ರಲ್ಲಿ ಪಿಸ್ಟನ್ನಿನಂಥ ಸಣ್ಣ ಕೊಳವೆ ಅಲುಗಾಡದೆ ನಿಂತಿರುತ್ತದೆ. ಅದರ ಮೇಲೆ ಬಟ್ಟಲಿನ ಹಾಗೆ ಕೂತ ಸ್ಲೈಡ್ ಹಿಂದಕ್ಕೆ ಹಾರುತ್ತದೆ. ಎಂ14ರಲ್ಲಿ ಪಿಸ್ಟನ್ ಟೊಳ್ಳು, ಅದರ ಬದಿಯಲ್ಲೊಂದು ತೂತು. ಗ್ಯಾಸ್ ಆ ತೂತಿನಿಂದ ಪಿಸ್ಟನ್ನಿನ ಒಳಗೆ ತುಂಬುತ್ತದೆ. ಪಿಸ್ಟನ್ ಸರಿದ ಕೂಡಲೇ ತೂತು ಬ್ಯಾರೆಲ್‌ನ ತೂತಿನಿಂದ ಪಕ್ಕಕ್ಕೆ ಹೋಗಿ, ಬರುವ ಗ್ಯಾಸ್ ತಾನಾಗಿ ಬಂದ್ ಆಗುತ್ತದೆ. ಏಟಿನ ಬದಲು ನೂಕು ಸಿಕ್ಕ ಹಾಗೆ. ಗ್ಯಾರಂಡ್‌ನ ಮುಂದುವರಿಕೆಯಾದರೂ ಈ ಒಂದು ವಿಷಯದಲ್ಲಿ ಅದು ಬೇರೆಯೇ.

ಇನ್ನೊಂದು ವಿಚಿತ್ರ, ಗ್ಯಾಸನ್ನು ಬೋಲ್ಟ್ ತೆರೆಯಲು ಬಳಸದೆ ತಡೆಯಲು ಬಳಸುವುದು. 1945ರ ಜರ್ಮನಿಯ ವಿಜಿ 1-5ರಲ್ಲಿ ಬ್ಯಾರೆಲ್ ಸುತ್ತ ಒಂದು ತೋಳು ಇತ್ತು. ಮೂತಿಯ ಹತ್ತಿರದ ತೂತುಗಳಿಂದ ಬಂದ ಗ್ಯಾಸ್ ಆ ತೋಳನ್ನು ಮುಂದಕ್ಕೆ ಒತ್ತಿ ಹಿಡಿದು, ಬೋಲ್ಟ್ ಬೇಗ ತೆರೆಯದ ಹಾಗೆ ನೋಡಿಕೊಳ್ಳುತ್ತಿತ್ತು.

ವಿಯೆಟ್ನಾಂನಲ್ಲಿ ಎಂ16 ಕೈಕೊಟ್ಟದ್ದು ಈ ಗ್ಯಾಸ್ ವ್ಯವಸ್ಥೆಯಿಂದಲೇ ಅಲ್ವಾ?

ಇಡೀ ತಪ್ಪನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಮೆರಿಕದ ಸೇನೆಯ ಎಂ16 ಸೆಮಿ ಆಟೊಮ್ಯಾಟಿಕ್ ಮಾತ್ರ ಅಲ್ಲದಿದ್ದರೂ ಗ್ಯಾಸ್ ವ್ಯವಸ್ಥೆ ಎಆರ್-15ರದೇ. ರೈಫಲನ್ನು ಒಂದು ಬಗೆಯ ಮದ್ದಿಗೆ ಹೊಂದಿಸಿ ಮಾಡಲಾಗಿತ್ತು. ಆಮೇಲೆ ಸೇನೆಯ ತೋಟೆಗೆ ಬಾಲ್ ಪೌಡರ್ ಎಂಬ ಬೇರೆ ಮದ್ದು ಬಂತು. ಅದರ ಒತ್ತಡ ಏರಿಳಿಯುವ ರೀತಿಯೇ ಬೇರೆ. ಗ್ಯಾಸ್ ತೂತಿನ ಹತ್ತಿರ ಒತ್ತಡ ಹೆಚ್ಚಾಗಿ ಬೋಲ್ಟ್ ಓಡುವ ವೇಗ ಏರಿತು. ಮದ್ದಿಗೆ ಸೇರಿಸಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಗ್ಯಾಸ್ ಕೊಳವೆಯಲ್ಲಿ ಕಟ್ಟಿಕೊಂಡಿತು. ಚೇಂಬರ್‌ಗೆ ಕ್ರೋಮ್ ಲೇಪ ಇರಲಿಲ್ಲ, ತೇವದ ಕಾಡಿನಲ್ಲಿ ತುಕ್ಕು ಹಿಡಿದು ಕೇಸ್ ಕಚ್ಚಿಕೊಳ್ಳುತ್ತಿತ್ತು. ಇದರ ಮೇಲೆ ಸೈನಿಕರಿಗೆ ಶುಚಿ ಮಾಡುವ ಸಾಮಾನು ಸಾಕಷ್ಟು ಸಿಗಲಿಲ್ಲ, ಕಲಿಸಿಯೂ ಇರಲಿಲ್ಲ.

1967ರಲ್ಲಿ ಅಮೆರಿಕದ ಕಾಂಗ್ರೆಸ್‌ನ ಉಪಸಮಿತಿ ಇದನ್ನು ವಿಚಾರಿಸಿತು. ಕ್ರೋಮ್ ಲೇಪ, ಬದಲಿಸಿದ ಬಫರ್ (ಕ್ಯಾರಿಯರ್ ಹಿಂದಕ್ಕೆ ಓಡುವುದನ್ನು ತಡೆಯುವ ತುಂಡು), ಶುಚಿ ಸಾಮಾನು ಮತ್ತು ತರಬೇತಿ ಬಂದ ಮೇಲೆ ರೈಫಲ್ ಸುಧಾರಿಸಿತು. ಗ್ಯಾಸ್ ವ್ಯವಸ್ಥೆ ಅದೇ ಉಳಿಯಿತು. ಕೈಯಲ್ಲಿ ಕೆಲಸ ಮಾಡದ ರೈಫಲ್ ಹಿಡಿದು ಸತ್ತವರಿದ್ದಾರೆ. ಅದಕ್ಕೇ ಈ ವಿಷಯವನ್ನು ಬರೀ ಎಕೆ-ಎಂ16 ಜಗಳವಾಗಿ ನೋಡಲು ನನಗೆ ಮನಸ್ಸಾಗುವುದಿಲ್ಲ.

ಪಿಸ್ಟನ್ ರೈಫಲ್ ಶುಚಿ ಮಾಡೋದೇ ಬೇಡ ಅಂತಾರೆ. ನಿಜನಾ?

ಇಲ್ಲ. ಮಸಿ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಬೋಲ್ಟ್ ಮೇಲೆ ಕೂರಬೇಕಾದದ್ದು ಗ್ಯಾಸ್ ಬ್ಲಾಕ್ (ಬ್ಯಾರೆಲ್ ತೂತಿನ ಮೇಲೆ ಕೂರುವ ತುಂಡು), ಪಿಸ್ಟನ್ ತಲೆ, ಸಿಲಿಂಡರ್ ಒಳಗೆ ಕೂರುತ್ತದೆ. ಬೋಲ್ಟ್ ಕಣ್ಣಿಗೆ ಚೊಕ್ಕಟವಾಗಿ ಕಾಣುವುದರಿಂದ ಜನ ಮುಂದಿನ ಭಾಗ ಬಿಚ್ಚುವುದನ್ನೇ ಮರೆಯುತ್ತಾರೆ. ಆಮೇಲೆ ಪಿಸ್ಟನ್ ಸಿಲಿಂಡರ್‌ನಲ್ಲಿ ಕಚ್ಚಿಕೊಂಡು ಕೂತಿರುತ್ತದೆ.

ಗುರಿಯ ನಿಖರತೆಗೆ ಯಾವುದು ಮೇಲು?

ಬ್ಯಾರೆಲ್‌ಗೆ ಎಷ್ಟು ಕಡಿಮೆ ತಗುಲಿಕೊಂಡಿರುತ್ತದೋ ಅಷ್ಟು ಒಳ್ಳೆಯದು. ಗುಂಡು ಹಾರುವಾಗ ಬ್ಯಾರೆಲ್ ತಂತಿಯ ಹಾಗೆ ಕಂಪಿಸುತ್ತದೆ. ಪ್ರತಿ ಸಲ ಒಂದೇ ರೀತಿ ಕಂಪಿಸಿದರೆ ಗುಂಡು ಒಂದೇ ಕಡೆ ಬೀಳುತ್ತದೆ. ಭಾರದ ಗ್ಯಾಸ್ ಬ್ಲಾಕ್, ಪಿಸ್ಟನ್, ಕಂಬಿ ಎಲ್ಲ ಬ್ಯಾರೆಲ್‌ಗೆ ನೇತುಬಿದ್ದಿದ್ದರೆ ಅದು ಕಷ್ಟ. ಎಆರ್‌ನಲ್ಲಿ ಸಪೂರ ಕೊಳವೆ ಬಿಟ್ಟರೆ ಬೇರೇನೂ ಇಲ್ಲ, ಕೈಹಿಡಿಯನ್ನೂ ಬ್ಯಾರೆಲ್‌ಗೆ ತಾಗದ ಹಾಗೆ ಕೂರಿಸಬಹುದು. ಅಮೆರಿಕದ ಸರ್ವಿಸ್ ರೈಫಲ್ ಸ್ಪರ್ಧೆಗಳಲ್ಲಿ ಗ್ಯಾರಂಡ್ ಮತ್ತು ಎಂ14 ಬಗೆಯವುಗಳ ಜಾಗವನ್ನು ಎಆರ್ ಹಿಡಿದುಕೊಂಡದ್ದರಲ್ಲಿ ಇದರ ಪಾಲು ದೊಡ್ಡದು.

ಆದರೆ ಒಳ್ಳೆಯ ಬ್ಯಾರೆಲ್, ಒಳ್ಳೆಯ ತೋಟೆ, ಒಳ್ಳೆಯ ಟ್ರಿಗರ್ ಈ ಮೂರರ ಮುಂದೆ ಗ್ಯಾಸ್ ವ್ಯವಸ್ಥೆಯ ವ್ಯತ್ಯಾಸ ಸಣ್ಣದು. ಚೆನ್ನಾಗಿ ಮಾಡಿದ ಪಿಸ್ಟನ್ ರೈಫಲ್ ಕಳಪೆ ಎಆರ್‌ಗಿಂತ ನೇರವಾಗಿಯೇ ಹೊಡೆಯುತ್ತದೆ.

ಕಾರ್ಬೈನ್ ಲೆಂತ್, ಮಿಡ್ ಲೆಂತ್, ರೈಫಲ್ ಲೆಂತ್ ಅಂದರೇನು?

ಎಆರ್‌ಗಳಲ್ಲಿ ಗ್ಯಾಸ್ ತೂತು ಬ್ಯಾರೆಲ್‌ನ ಯಾವ ಕಡೆ ಇದೆ ಅನ್ನುವುದರ ಹೆಸರು ಇವು. ಕಾರ್ಬೈನ್‌ನಲ್ಲಿ ಸುಮಾರು 7 ಇಂಚು, ಮಿಡ್‌ನಲ್ಲಿ 9, ರೈಫಲ್‌ನಲ್ಲಿ 12ರಿಂದ 13. ಚೇಂಬರ್‌ಗೆ ಹತ್ತಿರ ಹೋದಷ್ಟೂ ಗ್ಯಾಸ್‌ನ ಒತ್ತಡ ಮತ್ತು ಬಿಸಿ ಜಾಸ್ತಿ. ಕಾರ್ಬೈನ್ ಅಳತೆಯದರಲ್ಲಿ ಬೋಲ್ಟ್ ರಭಸವಾಗಿ ಹಿಂದೆ ಬರುತ್ತದೆ, ಬೇಗ ಬಿಚ್ಚಿಕೊಳ್ಳುತ್ತದೆ, ಭಾಗಗಳು ಬೇಗ ಸವೆಯುತ್ತವೆ. ರೈಫಲ್ ಅಳತೆ ಮೃದು.

ಹಾಗಂತ ಗಿಡ್ಡ ಬ್ಯಾರೆಲ್‌ಗೆ ಉದ್ದದ ಗ್ಯಾಸ್ ಕೊಳವೆ ಹಾಕಿದರೆ ಆಗುವುದಿಲ್ಲ. ತೂತಿನಿಂದ ಮೂತಿಗೆ ಸಾಕಷ್ಟು ದೂರ ಉಳಿದಿರಬೇಕು. ಇಲ್ಲದಿದ್ದರೆ ಗ್ಯಾಸ್ ಕೆಲಸ ಮುಗಿಸುವ ಮೊದಲೇ ಗುಂಡು ಹೊರಗೆ ಹೋಗಿ ಒತ್ತಡ ಖಾಲಿಯಾಗುತ್ತದೆ.

ಗ್ಯಾಸ್ ರೆಗ್ಯುಲೇಟರ್ ಯಾಕೆ ಇರುತ್ತದೆ?

ತೋಟೆ ಬದಲಾಗುತ್ತದೆ, ಚಳಿ ಬಿಸಿಲು ಬದಲಾಗುತ್ತದೆ, ಮಸಿ ಕಟ್ಟುತ್ತದೆ. ಎಲ್ಲಕ್ಕೂ ಒಂದೇ ತೂತು ಹೊಂದುವುದಿಲ್ಲ. ಎಸ್‌ವಿಟಿ-40ರಲ್ಲಿ ಐದು ತೂತಿನ ರೆಗ್ಯುಲೇಟರ್ ಇದೆ, 1.1, 1.2, 1.3, 1.5, 1.7 ಮಿಲಿಮೀಟರ್. ಅಂತರ ಎಷ್ಟು ಸೂಕ್ಷ್ಮ ನೋಡಿ. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಬೋಲ್ಟ್‌ನ ನಡತೆ ಬದಲಾಗುತ್ತದೆ.

ಫಾಲ್‌ನದು ಉಲ್ಟಾ ಯೋಚನೆ. ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಗ್ಯಾಸ್ ಬಂದೇ ಬರುತ್ತದೆ, ರೆಗ್ಯುಲೇಟರ್ ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ. ರೈಫಲ್ ತಡವರಿಸಿದರೆ ಹೊರಗೆ ಬಿಡುವುದನ್ನು ಕಡಿಮೆ ಮಾಡಬೇಕು, ಅಷ್ಟೇ. ಗ್ರೆನೇಡ್ ಹಾರಿಸುವಾಗ ಗ್ಯಾಸನ್ನು ಪೂರ್ತಿ ಬಂದ್ ಮಾಡುವ ಏರ್ಪಾಡೂ ಅದರಲ್ಲಿದೆ.

ಗ್ಯಾಸ್ ಜಾಸ್ತಿ ಆಗಿದೆಯೋ ಕಡಿಮೆ ಆಗಿದೆಯೋ ಅಂತ ಹೇಗೆ ಗೊತ್ತಾಗುತ್ತದೆ?

ಕಡಿಮೆ ಆದರೆ ಬೋಲ್ಟ್ ಪೂರ್ತಿ ಹಿಂದೆ ಬರುವುದಿಲ್ಲ. ಖಾಲಿ ಕೇಸ್ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ, ಅಥವಾ ಹೊಸ ತೋಟೆ ಹಿಡಿಯದೆ ಬೋಲ್ಟ್ ಬರಿದೇ ಮುಂದೆ ಹೋಗುತ್ತದೆ, ಅಥವಾ ಕೊನೆಯ ತೋಟೆಯ ನಂತರ ತೆರೆದು ನಿಲ್ಲುವುದಿಲ್ಲ. ಜಾಸ್ತಿ ಆದರೆ ಕೇಸ್ ತುಂಬ ದೂರ ಹಾರುತ್ತದೆ, ಅದರ ಅಂಚು ಎಳೆದ ಗುರುತಿನಿಂದ ಹಾಳಾಗಿರುತ್ತದೆ, ಒದೆತ ಚುರುಕಾಗಿ ತಗಲುತ್ತದೆ.

ಆದರೆ ಇದೇ ಲಕ್ಷಣ ಕೆಟ್ಟ ಮ್ಯಾಗಜೀನ್, ಸೋತ ಸ್ಪ್ರಿಂಗ್, ಒಣಗಿದ ಬೋಲ್ಟ್‌ನಿಂದಲೂ ಬರುತ್ತದೆ. ಮೊದಲು ಅವನ್ನು ನೋಡಿ. ಗ್ಯಾಸ್ ತೂತನ್ನು ದೊಡ್ಡದು ಮಾಡುವ ಯೋಚನೆಗೆ ಮಾತ್ರ ಹೋಗಬೇಡಿ. ಕೊರೆದ ಲೋಹ ಮರಳಿ ಬರುವುದಿಲ್ಲ. ಅದು ತರಬೇತಿ ಇರುವ, ಪರವಾನಗಿ ಇರುವ ಗನ್‌ಸ್ಮಿತ್ ನೋಡಬೇಕಾದ ಕೆಲಸ.

ಸಪ್ರೆಸರ್ ಹಾಕಿದರೆ ಯಾಕೆ ಮುಖಕ್ಕೆ ಹೊಗೆ ಬರುತ್ತದೆ?

ಸಪ್ರೆಸರ್ ಅಂದರೆ ಸದ್ದು ತಗ್ಗಿಸಲು ಮೂತಿಗೆ ಹಾಕುವ ಕೊಳವೆ. ಅದು ಗ್ಯಾಸನ್ನು ಬೇಗ ಹೊರಗೆ ಬಿಡದೆ ಹಿಡಿದಿಡುತ್ತದೆ. ಹಾಗಾಗಿ ಬ್ಯಾರೆಲ್‌ನ ಒತ್ತಡ ಜಾಸ್ತಿ ಹೊತ್ತು ಉಳಿಯುತ್ತದೆ. ಬೋಲ್ಟ್‌ಗೆ ಹೆಚ್ಚು ನೂಕು ಸಿಗುತ್ತದೆ, ಅದು ತೆರೆದಾಗ ಬ್ಯಾರೆಲ್ ಒಳಗಿನ ಗ್ಯಾಸ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಇದ್ದರೂ ಬ್ಯಾರೆಲ್ ದಾರಿಯಿಂದ ಬರುವ ಹೊಗೆ ನಿಲ್ಲುವುದಿಲ್ಲ. ರೆಗ್ಯುಲೇಟರ್‌ನಿಂದ ಗ್ಯಾಸ್ ಕಡಿಮೆ ಮಾಡಿದರೆ ಎರಡರಲ್ಲೂ ಉಪಯೋಗ ಇದೆ.

ಎಆರ್‌ಗೆ ಪಿಸ್ಟನ್ ಕಿಟ್ ಹಾಕಿಸಿದರೆ ಎರಡರ ಒಳ್ಳೆಯದೂ ಸಿಗುತ್ತದಾ?

ಅಷ್ಟು ಸುಲಭ ಅಲ್ಲ. ಆ ಕ್ಯಾರಿಯರ್ ತನ್ನ ಒಳಗಿನಿಂದ, ನೇರ ಗೆರೆಯಲ್ಲಿ ನೂಕು ಪಡೆಯಲು ಮಾಡಿದ್ದು. ಪಿಸ್ಟನ್ ಅದರ ತಲೆಯ ಮೇಲೆ ಬಡಿದರೆ ಹಿಂಭಾಗ ಕೆಳಕ್ಕೆ ವಾಲಿ ಬಫರ್ ಕೊಳವೆಯ ಅಂಚನ್ನು ಕೆರೆಯುತ್ತದೆ. ಇದನ್ನು ಕ್ಯಾರಿಯರ್ ಟಿಲ್ಟ್ ಅಂತಾರೆ. ಮೊದಲಿನಿಂದಲೇ ಪಿಸ್ಟನ್‌ಗಾಗಿ ರೂಪಿಸಿದ ಎಚ್‌ಕೆ416ರಂಥವು ಬೇರೆ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಪಿಸ್ಟನ್ ಬೇಕು ಅನಿಸಿದರೆ ಪಿಸ್ಟನ್ ರೈಫಲ್ಲನ್ನೇ ನೋಡಿ.

ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳೆಲ್ಲ ಗ್ಯಾಸ್‌ನಿಂದಲೇ ನಡೆಯುತ್ತವಾ?

ಇಲ್ಲ. .22 ರೈಫಲ್‌ಗಳಲ್ಲಿ ಹೆಚ್ಚಿನವು ಬ್ಲೋಬ್ಯಾಕ್, ಅಂದರೆ ಬೋಲ್ಟ್‌ನ ತೂಕ ಮತ್ತು ಸ್ಪ್ರಿಂಗೇ ಬಾಗಿಲು. ಬ್ರೌನಿಂಗ್ ವಿನ್ಯಾಸದ ರೆಮಿಂಗ್ಟನ್ ಮಾಡೆಲ್ 8ರಲ್ಲಿ ಬ್ಯಾರೆಲ್ಲೇ ಹಿಂದಕ್ಕೆ ಬರುತ್ತದೆ. ಜರ್ಮನಿಯ ಜಿ3 ಬಗೆಯವು ರೋಲರ್‌ಗಳಿಂದ ಬೋಲ್ಟನ್ನು ತಡಮಾಡಿಸುತ್ತವೆ.

ಸೆಮಿ ಆಟೊಮ್ಯಾಟಿಕ್ ಮತ್ತು ಫುಲ್ ಆಟೊಮ್ಯಾಟಿಕ್‌ಗೆ ಗ್ಯಾಸ್ ವ್ಯವಸ್ಥೆ ಬೇರೆನಾ?

ಬೇರೆಯಾಗಬೇಕಿಲ್ಲ. ಗ್ಯಾಸ್‌ನ ಕೆಲಸ ಮುಂದಿನ ತೋಟೆ ತುಂಬಿ ಬಾಗಿಲು ಹಾಕುವವರೆಗೆ. ಒಂದು ಸಲ ಒತ್ತಿದರೆ ಒಂದೇ ಗುಂಡು ಅನ್ನುವುದನ್ನು ನೋಡಿಕೊಳ್ಳುವುದು ಟ್ರಿಗರ್ ಭಾಗ.

ಹಳೆಯ ಸೇನಾ ತೋಟೆ ಹೊಡೆದ ಮೇಲೆ ಬಿಸಿನೀರು ಹಾಕಿ ತೊಳೆಯುತ್ತಾರೆ. ನೀರು ತಾಗಿದರೆ ತುಕ್ಕು ಹಿಡಿಯಲ್ವಾ?

ತೊಳೆಯದಿದ್ದರೆ ಹಿಡಿಯುತ್ತದೆ. ಹಳೆಯ ಪ್ರೈಮರ್‌ಗಳಲ್ಲಿ (ತೋಟೆಯ ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಪ್ಪಿನಂಥ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ನೀರು, ಚೆನ್ನಾಗಿ ಒಣಗಿಸುವುದು, ಆಮೇಲೆ ಎಣ್ಣೆ. ಬ್ಯಾರೆಲ್ ತೊಳೆದು ಗ್ಯಾಸ್ ಸಿಲಿಂಡರ್ ಮರೆಯುವುದು ಎಲ್ಲರೂ ಮಾಡುವ ತಪ್ಪು. ಗ್ಯಾಸ್ ಹೋದ ಕಡೆಯೆಲ್ಲ ಉಪ್ಪೂ ಹೋಗಿರುತ್ತದೆ. ಎಂ1 ಕಾರ್ಬೈನ್‌ನ ಪುಟ್ಟ ಪಿಸ್ಟನ್ನನ್ನು ಸೈನಿಕರು ಬಿಚ್ಚುವ ಹಾಗಿರಲಿಲ್ಲ. ಅದಕ್ಕೇ ಅದರ ಅಮೆರಿಕನ್ ತೋಟೆಗಳಿಗೆ ಆ ಕಾಲದಲ್ಲೂ ತುಕ್ಕು ಹಿಡಿಸದ ಪ್ರೈಮರ್ ಬಳಸಿದ್ದರು.

ಎಆರ್ ಬೋಲ್ಟ್‌ನ ಮೂರು ರಿಂಗ್‌ಗಳ ಸೀಳು ಒಂದೇ ನೇರಕ್ಕೆ ಬಂದರೆ ರೈಫಲ್ ನಿಲ್ಲುತ್ತದಾ?

ನಿಲ್ಲುವುದಿಲ್ಲ. ಒಂದೇ ನೇರಕ್ಕೆ ಬಂದರೆ ಸೋರುವ ಗ್ಯಾಸ್ ತೀರಾ ಕಡಿಮೆ. ಸೀಳಿಗಿಂತ ಸವೆತ ಮುಖ್ಯ. ಅದನ್ನು ನೋಡುವುದು ಸುಲಭ. ರೈಫಲ್ ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು ಬೋಲ್ಟ್ ಮತ್ತು ಕ್ಯಾರಿಯರನ್ನು ಹೊರತೆಗೆಯಿರಿ. ಬೋಲ್ಟನ್ನು ಮುಂದಕ್ಕೆ ಪೂರ್ತಿ ಎಳೆದು, ಬೋಲ್ಟ್‌ನ ಮುಖ ಕೆಳಗಿರುವ ಹಾಗೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕ್ಯಾರಿಯರ್ ಹಾಗೇ ನಿಂತರೆ ರಿಂಗ್‌ಗಳಲ್ಲಿ ಇನ್ನೂ ಬಿಗಿ ಇದೆ. ತನ್ನ ತೂಕಕ್ಕೆ ತಾನೇ ಜಾರಿ ಕೆಳಗೆ ಕೂತರೆ ಹೊಸ ರಿಂಗ್ ಹಾಕುವ ಹೊತ್ತು ಬಂದಿದೆ.